ಕೊನೆಯ ದೃಶ್ಯದ ದನಿ

ತೀರಿಕೊಂಡ ಮಗಳ ದನಿ ಊರಿನ ಚಿತ್ರಮಂದಿರಕ್ಕೆ ಬಂದಿದೆ ಎಂಬ ಸುದ್ದಿಯನ್ನು ಹೆಂಡತಿಗೆ ಹೇಗೆ ಹೇಳುವುದೆಂದು ತಿಳಿಯದೆ ನಾನು ಸುಮ್ಮನೆ ಓಡಾಡಿಕೊಂಡಿದ್ದೆ. ಮುಚ್ಚಿಡುವುದೂ ಆಗದ ಕೆಲಸ. ಚಿತ್ರದ ಭಿತ್ತಿಪತ್ರವನ್ನು ನಮ್ಮ ಬೀದಿಯ ತಿರುವಿನಲ್ಲೇ, ಹಾಲಿನ ಅಂಗಡಿಯ ಗೋಡೆಗೆ ಅಂಟಿಸಿದ್ದರು. ಅದರಲ್ಲಿ ಒಬ್ಬ ಹೆಂಗಸು ಎರಡು ಕೈಗಳಿಂದಲೂ ಕಣ್ಣು ಮುಚ್ಚಿಕೊಂಡಿದ್ದಳು. ಆ ಹೆಂಗಸು ಬೇರೆ ನಾಡಿನವಳು, ಬೇರೆ ಭಾಷೆಯವಳು. ಅವಳ ಬಾಯಿಗೆ ನಮ್ಮ ಭಾಷೆಯ ಮಾತು ಕೊಟ್ಟವಳು ನನ್ನ ಮಗಳು.

ಅವಳನ್ನು ನಾವು ಗಿಣಿ ಎಂದು ಕರೆಯುತ್ತಿದ್ದೆವು. ಮಾತು ಕಲಿತಂದಿನಿಂದಲೂ ಕಂಡವರ ದನಿಯನ್ನೆಲ್ಲ ಅಣಕಿಸುವುದೇ ಅವಳ ಆಟ. ನಾನು ಪುಸ್ತಕಗಳಿಗೆ ರಟ್ಟು ಕಟ್ಟುವವನು. ನನ್ನ ಅಂಗಡಿಗೆ ಬಂದ ಗಿರಾಕಿ ಹೊರಗೆ ಕಾಲಿಟ್ಟ ಕೂಡಲೇ ಒಳಗಿನಿಂದ ಅವನ ದನಿಯೇ ಕೇಳಿಸುತ್ತಿತ್ತು. ಎಷ್ಟೋ ಸಲ ಗಿರಾಕಿಯೇ ತಿರುಗಿ ನೋಡಿದ್ದುಂಟು. ದೊಡ್ಡವಳಾದ ಮೇಲೆ ಅದೇ ಅವಳ ಅನ್ನವಾಯಿತು. ಪರಭಾಷೆಯ ಚಿತ್ರಗಳಿಗೆ ನಮ್ಮ ಮಾತು ಕೂಡಿಸುವ ಒಂದು ಸಣ್ಣ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದಳು. ಪರದೆಯ ಮೇಲೆ ಯಾರದೋ ತುಟಿ ಆಡುತ್ತದೆ. ಆ ತುಟಿಗೆ ಸರಿಯಾಗಿ ಇವಳು ಮೈಕಿನ ಮುಂದೆ ನಿಂತು ಮಾತಾಡಬೇಕು. ಚಿತ್ರದಲ್ಲಿ ಇಂಥವರ ಹೆಸರು ಬರುವುದಿಲ್ಲ. “ನಾನು ಸಾವಿರ ಜನ ಆಗಿದ್ದೀನಪ್ಪ, ಒಬ್ರಿಗೂ ನನ್ನ ಗುರುತಿಲ್ಲ” ಎಂದು ನಗುತ್ತಿದ್ದಳು.

ಮಳೆಗಾಲದ ಕೊನೆಗೆ ಒಂದು ಸಂಜೆ ಕೆಲಸದಿಂದ ಬಂದವಳು ತಲೆ ಸಿಡಿಯುತ್ತಿದೆ ಎಂದಳು. ಅವಳ ತಾಯಿ ಮುಲಾಮು ತರಲು ಒಳಗೆ ಹೋದಳು. ತಂದಾಗ ಹಚ್ಚಿಸಿಕೊಳ್ಳುವವಳು ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದಿದ್ದಳು. ಮಿದುಳಿನಲ್ಲಿ ರಕ್ತನಾಳ ಒಡೆದಿದೆ ಎಂದರು ವೈದ್ಯರು. ದೇವರ ಇಚ್ಛೆ ಎಂದರು ಬಂದವರು. ನಾನು ಜೀವಮಾನವೆಲ್ಲ ದೇವರನ್ನು ನಂಬಿದವನು. ಆ ಮಾತನ್ನು ನಾನೇ ಎಷ್ಟೋ ಮನೆಗಳಲ್ಲಿ ಆಡಿ ಬಂದಿದ್ದೇನೆ. ಕೇಳಿಸಿಕೊಳ್ಳುವವರಿಗೆ ಅದು ಎಷ್ಟು ಭಾರ ಎಂಬುದು ಅಂದು ಗೊತ್ತಾಯಿತು.

ಕೊನೆಗೆ ಊಟಕ್ಕೆ ಕುಳಿತಾಗ ಹೆಂಡತಿಗೆ ಹೇಳಿದೆ. ಅವಳು ತುತ್ತು ಕೆಳಗಿಟ್ಟಳು.

“ಭಿತ್ತಿಪತ್ರ ನಾನೂ ನೋಡಿದೆ. ನೀವು ಯಾವಾಗ ಹೇಳ್ತೀರೋ ಅಂತ ಕಾಯ್ತಿದ್ದೆ.”

“ಹೋಗೋಣವಾ?”

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಕೇಳಿದಳು: “ಅದರಲ್ಲಿ ಆ ಹೆಂಗಸು ಕೊನೇಲಿ ಏನಾಗ್ತಾಳೆ ರೀ?”

“ಯಾವ ಹೆಂಗಸು?”

“ಗಿಣಿ ಯಾರಿಗೆ ಮಾತಾಡಿದಾಳೋ ಅವಳು. ಕೊಲೆಗಾರನ ಕಥೆ ಅಂತ ಹೇಳ್ತಿದ್ಲಲ್ಲ. ಅವಳು ಸಾಯ್ತಾಳಾ?”

“ನಂಗೇನು ಗೊತ್ತೇ?”

“ತಿಳ್ಕೊಂಡು ಬನ್ನಿ. ಬದುಕಿದ್ರೆ ನಾನೂ ಬರ್ತೀನಿ. ಸಾಯೋ ಹಾಗಿದ್ರೆ ಬೇಡ. ನಮ್ಮ ಕಣ್ಮುಂದೆ ಒಂದ್ಸಲ ಹೋಗಿದ್ದು ಸಾಕು. ಇನ್ನೊಂದ್ಸಲ ಅವಳ ದನೀಲಿ ಆ ಸಂಕಟ ಕೇಳೋಕೆ ನನ್ನ ಕೈಲಾಗಲ್ಲ.”

ಶುಕ್ರವಾರ ಚಿತ್ರ ಬದಲಾಗುತ್ತದೆ ಎಂದು ಟಿಕೆಟು ಕೊಡುವವನು ಹೇಳಿದ್ದ. ಅಷ್ಟರೊಳಗೆ ನೋಡಿಕೊಂಡು ಬಂದು ಅವಳಿಗೆ ಉತ್ತರ ಹೇಳಬೇಕಾಗಿತ್ತು. ಮಾರನೆಯ ಮಧ್ಯಾಹ್ನದ ಆಟಕ್ಕೆ ನಾನೊಬ್ಬನೇ ಹೋದೆ. ಕೊಲೆಯ ಚಿತ್ರ ನೋಡಲು ದೇವರ ನಾಮ ಹೇಳಿಕೊಂಡು ಹೋದವನು ನಮ್ಮ ಊರಿನಲ್ಲಿ ನಾನೊಬ್ಬನೇ ಇರಬೇಕು.

ಕಥೆಯ ಆರಂಭ ನನಗೂ ಅರ್ಥವಾಯಿತು. ಒಂಟಿಯಾಗಿ ಬಾಳುವ ಹೆಂಗಸರನ್ನು ಒಬ್ಬನು ಒಬ್ಬರಾದ ಮೇಲೊಬ್ಬರಂತೆ ಕೊಲ್ಲುತ್ತಿದ್ದಾನೆ. ಪೊಲೀಸರಿಗೆ ಸುಳಿವಿಲ್ಲ. ಊರ ಹೊರಗಿನ ಒಂದು ಮನೆಯಲ್ಲಿ ಒಬ್ಬಳಿದ್ದಾಳೆ. ಸತ್ತವರ ಯಾವುದಾದರೂ ವಸ್ತುವನ್ನು ಮುಟ್ಟಿದರೆ ಕೊಂದವನ ಕಣ್ಣು ಕಂಡದ್ದೆಲ್ಲ ಅವಳಿಗೆ ಕಾಣುತ್ತದೆ. ಪೊಲೀಸ್ ಅಧಿಕಾರಿ ಸತ್ತವಳೊಬ್ಬಳ ಕನ್ನಡಕವನ್ನು ಹಿಡಿದುಕೊಂಡು ಆ ಮನೆಗೆ ಬರುತ್ತಾನೆ. ಬಾಗಿಲು ತಟ್ಟುತ್ತಾನೆ.

“ಬಾಗಿಲು ತೆಗೆದೇ ಇದೆ, ಒಳಗೆ ಬನ್ನಿ.”

ನಾನು ಕುರ್ಚಿಯಿಂದ ಅರ್ಧ ಎದ್ದುಬಿಟ್ಟೆ. ಹಿಂದಿನವನು “ಕೂತ್ಕೊಳ್ರೀ ಅಜ್ಜ, ಈಗಷ್ಟೇ ಶುರು” ಎಂದ. ಮುಖ ಯಾರದೋ, ತುಟಿ ಯಾರದೋ. ಆದರೆ ಆ ಮಾತು ನಮ್ಮ ಮನೆಯ ನಡುಕೋಣೆಯಿಂದ ಬಂದಂತಿತ್ತು. ಮೂರು ತಿಂಗಳಿಂದ ಕೇಳದಿದ್ದ ದನಿ. ಅದರಲ್ಲಿ ‘ಒಳಗೆ’ ಎನ್ನುವಾಗ ಸ್ವಲ್ಪ ತಡೆದು ಹೇಳುವುದು, ಅದೂ ಅವಳದೇ. ನಾನು ಪರದೆ ನೋಡುವುದನ್ನು ಬಿಟ್ಟು ತಲೆ ತಗ್ಗಿಸಿ ಕೇಳುತ್ತ ಕುಳಿತೆ.

ಅಲ್ಲಿಂದ ಮುಂದೆ ಕಥೆ ನನ್ನ ಕೈ ತಪ್ಪಿತು. ಹಾಳೆಯ ಕಂತೆಗಳನ್ನು ಹಿಂದುಮುಂದಾಗಿ ಹೊಲಿದುಬಿಟ್ಟರೆ ಪುಸ್ತಕ ಹೇಗಾಗುತ್ತದೋ ಆ ಚಿತ್ರ ಹಾಗಿತ್ತು. ಇದು ನಡೆದದ್ದೋ, ನಡೆಯಲಿರುವುದೋ, ಅವಳು ಕಂಡದ್ದೋ, ಅವನು ಕಂಡದ್ದೋ ಒಂದೂ ತಿಳಿಯದು. ಒಂದು ದೃಶ್ಯದಲ್ಲಿ ಆ ಹೆಂಗಸು ಕೊಲೆಗಾರನ ಕಣ್ಣಿನಿಂದ ಒಂದು ಕೋಣೆಯನ್ನು ನೋಡುತ್ತಾಳೆ. ಕೋಣೆಯಲ್ಲಿ ಬೆನ್ನು ತಿರುಗಿಸಿ ಒಬ್ಬಳು ನಿಂತಿದ್ದಾಳೆ. ಅವಳು ತಿರುಗಿದರೆ, ನಿಂತವಳು ಈಕೆಯೇ. ಕೊಲೆಗಾರ ಅವಳ ಮನೆಗೇ ಬಂದಿದ್ದಾನೆ! ಹೆಂಗಸು ಬಾಯಿ ತೆರೆದು ಕೂಗಿದಳು.

ಆ ಕೂಗು ನನ್ನ ಮಗಳದಲ್ಲ.

ಯಾವಳೋ ಎಳೆಯವಳ ದನಿ, ತೆಳುವಾದದ್ದು. ಆಮೇಲೆ ಆ ಹೆಂಗಸು ಅಧಿಕಾರಿಯ ಮುಂದೆ ಕಿರುಚಾಡಿ ಹೇಳಿದ್ದೂ ಆ ದನಿಯಲ್ಲೇ. ಇಲ್ಲಿಗೆ ಮುಗಿಯಿತು, ಇಷ್ಟು ಹೊತ್ತಿಗೆ ಗಿಣಿ ಹೋಗಿಬಿಟ್ಟಿದ್ದಳು, ಉಳಿದದ್ದನ್ನು ಬೇರೆಯವರಿಂದ ಮಾಡಿಸಿದ್ದಾರೆ ಎಂದುಕೊಂಡೆ. ಮಗಳ ಉಸಿರು ನಿಂತದ್ದನ್ನು ಕತ್ತಲೆಯಲ್ಲಿ ಇನ್ನೊಮ್ಮೆ ಕಂಡಂತಾಯಿತು. ಕುಳಿತವರ ಕಾಲುಗಳನ್ನು ತುಳಿಯುತ್ತ, ಬೈಸಿಕೊಳ್ಳುತ್ತ, ಗೋಡೆ ಹಿಡಿದುಕೊಂಡು ಹೊರಗೆ ಬಂದೆ.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಇದ್ದಳು.

“ಸಾಯ್ತಾಳಾ?”

“ಪೂರ್ತಿ ನೋಡ್ಲಿಲ್ಲ ಕಣೇ. ನಡುವೆ ನಮ್ಮ ಗಿಣಿ ದನಿ ನಿಂತುಹೋಯ್ತು. ಎದ್ದು ಬಂದೆ.”

“ಅಯ್ಯೋ, ಇದಕ್ಕಾ ಹೋಗಿದ್ದು! ನೀವು ತರಕಾರಿ ತರೋಕೆ ಹೋದ್ರೂ ಹೀಗೇ, ಅರ್ಧ ತಂದು ಅರ್ಧ ಮರೀತೀರಿ” ಎಂದಳು. ಹಾಗೆ ಗದರಿದವಳು ನನ್ನ ಮುಖ ನೋಡಿ, ಒಳಗೆ ಹೋಗಿ ನೀರು ತಂದು ಕೊಟ್ಟಳು.

ಮಾರನೆಯ ಬೆಳಿಗ್ಗೆ ಕ್ಷೌರದ ಅಂಗಡಿಗೆ ಹೋದೆ. ಅಲ್ಲಿಯ ಯಜಮಾನನನ್ನು ಬೀದಿಯವರೆಲ್ಲ ಜಡ್ಜ್ ಸಾಹೇಬ ಎನ್ನುತ್ತಾರೆ. ಬಂದ ಚಿತ್ರವನ್ನೆಲ್ಲ ಮೊದಲ ದಿನವೇ ನೋಡಿ ತೀರ್ಪು ಕೊಡುವುದು ಅವನ ರೂಢಿ. ಆ ತೀರ್ಪಿಗೆ ಮೇಲ್ಮನವಿ ಇಲ್ಲ.

“ಏನು ಯಜಮಾನ್ರೇ, ದೇವರ ಧ್ಯಾನ ಮಾಡೋ ವಯಸ್ಸಲ್ಲಿ ಕೊಲೆ ಪಿಕ್ಚರ್ ನೋಡೋಕೆ ಹೋಗಿದ್ರಂತೆ?” ಎಂದು ಅವನು ಕೊರಳಿಗೆ ಬಟ್ಟೆ ಕಟ್ಟಿದ.

“ಕೊನೇಲಿ ಆ ಹೆಂಗಸು ಸಾಯ್ತಾಳೋ ಬದುಕ್ತಾಳೋ, ಅದನ್ನ ಹೇಳಪ್ಪ.”

“ಅಲ್ಲೇ ಇರೋದು ಮಜಾ! ಊರಿಗೂರೇ ತಲೆ ಕೆಡಿಸ್ಕೊಂಡಿದೆ. ನಾನು ಎರಡು ಸಲ ನೋಡಿ ಬಿಡಿಸಿದೀನಿ. ಕೇಳಿ. ಅವಳ ಮೈಯಲ್ಲಿ ಇಬ್ಬರಿದ್ದಾರೆ. ಕೊಲೆಗಾರನ ಕೈಲಿ ಮೊದಲು ಸತ್ತವಳು ಇವಳೊಳಗೆ ಸೇರ್ಕೊಂಡಿದಾಳೆ. ಹೇಗೆ ಗೊತ್ತು ಅಂತೀರಾ? ದನಿ! ಮೆಲ್ಲಗೆ ಮಾತಾಡುವಾಗ ಒಂದು ದನಿ, ಕೂಗಾಡುವಾಗ ಇನ್ನೊಂದು ದನಿ. ಎಲ್ರೂ ಕಣ್ಣು ಬಿಟ್ಕೊಂಡು ನೋಡ್ತಾರೆ, ಕಿವಿ ಬಿಟ್ಕೊಂಡು ಕೇಳೋದು ನಾನೊಬ್ನೇ. ಆ ಪಿಕ್ಚರ್ ಮಾಡಿದವನ ತಲೆಗೆ ನಮಸ್ಕಾರ ಹಾಕ್ಬೇಕು.”

“ಮೆಲ್ಲನೆ ದನಿ ಆಮೇಲೆ ಮತ್ತೆ ಬರುತ್ತಾ?”

“ಬರದೆ ಏನು? ಕಟ್ಟಕಡೇ ಮಾತೂ ಅದೇ ದನೀದು.”

ನಾನು ಕನ್ನಡಿಯಲ್ಲೇ ಅವನ ಮುಖ ನೋಡಿ ಹೇಳಿದೆ: “ಆ ಮೆಲ್ಲನೆ ದನಿ ನಮ್ಮ ಗಿಣೀದಪ್ಪ.”

ಕತ್ತರಿ ನಿಂತಿತು. ಪಾಳಿ ಕಾಯುತ್ತ ಕುಳಿತಿದ್ದವರು ಪತ್ರಿಕೆ ಮಡಚಿದರು. ಜಡ್ಜ್ ಸಾಹೇಬ “ಹಾಗಾದ್ರೆ ಇಬ್ಬರು ಅಂದಿದ್ದು...” ಎಂದು ಶುರುಮಾಡಿ ಮಾತು ನುಂಗಿಕೊಂಡ. ಕೆಲಸ ಮುಗಿಸಿದ. ನನ್ನ ಹೆಗಲ ಮೇಲಿನ ಕೂದಲನ್ನು ಯಾವತ್ತಿಗಿಂತ ಹೆಚ್ಚು ಹೊತ್ತು ಕೊಡವಿದ.

ದನಿ ಮತ್ತೆ ಬರುತ್ತದೆ ಎಂದರೆ ಏನು? ಚಿತ್ರದ ನಡುವೆಯೇ ದನಿ ನಿಂತುಹೋದವಳು ಕೊನೆಗೆ ಹೇಗೆ ಮಾತಾಡಿದಳು? ಅಂಗಡಿಯಿಂದ ನೇರವಾಗಿ ಸ್ಟುಡಿಯೋಗೆ ಹೋದೆ.

ಒಂದು ಬಟ್ಟೆ ಅಂಗಡಿಯ ಮೇಲಿನ ಅಂತಸ್ತು. ಕಿಟಕಿಯಿಲ್ಲ. ಗೋಡೆಗಳಿಗೆಲ್ಲ ದಪ್ಪ ಕಂಬಳಿಯಂಥ ಬಟ್ಟೆ ಹೊಡೆದು, ಹೊರಗಿನ ಸದ್ದು ಒಳಗೆ ಬರದಂತೆ ಮಾಡಿದ್ದರು. ಧ್ವನಿಮುದ್ರಣ ಮಾಡುವವನು ನನ್ನನ್ನು ಕಂಡೊಡನೆ ಎದ್ದು ನಿಂತ. ಶವದ ಹಿಂದೆ ಅವನು ಚಪ್ಪಲಿ ಇಲ್ಲದೆ ನಡೆದು ಬಂದಿದ್ದನ್ನು ನಾನು ನೋಡಿದ್ದೆ.

ನಾನು ಕೇಳಿದ್ದಕ್ಕೆ ಅವನು ಹೇಳಿದ: “ಯಜಮಾನ್ರೇ, ನಾವಿಲ್ಲಿ ಚಿತ್ರವನ್ನ ಮೊದಲಿಂದ ಕೊನೇವರೆಗೆ ಸಾಲಾಗಿ ಮಾಡಲ್ಲ. ಮಾತಿನ ಭಾಗ ಎಲ್ಲಾ ಮೊದಲು. ಕೂಗಾಟ, ಅಳು, ಜಗಳ ಇವನ್ನ ಕೊನೇ ದಿನಕ್ಕೆ ಇಟ್ಕೋತೀವಿ. ಒಂದ್ಸಲ ಕೂಗಿದ್ರೆ ಗಂಟಲು ಒಡೆಯುತ್ತೆ, ಮಾರನೇ ದಿನ ಮೆಲ್ಲಗಿನ ಮಾತು ಹೊರಡಲ್ಲ. ಗಿಣಿ ಅಕ್ಕ ಮಾತೆಲ್ಲಾ ಮುಗಿಸಿದ್ರು. ‘ನಾಳೆ ಬಂದು ಕೂಗಿಬಿಡ್ತೀನಿ, ಪಕ್ಕದ ಬೀದಿಯವರಿಗೂ ಹೇಳಿಡು’ ಅಂತ ನಗ್ತಾ ಹೋದ್ರು. ಅವತ್ತೇ ಸಂಜೆ...”

“ಕೂಗಿದ್ದು ಯಾರು?”

“ಒಬ್ಬ ಹೊಸ ಹುಡುಗಿ. ಪಾಪ, ಅಕ್ಕ ನಿಂತಿದ್ದ ಜಾಗದಲ್ಲಿ ನಿಂತು ಕೂಗಲ್ಲ, ಮೈಕ್ ಸ್ವಲ್ಪ ಆಚೆ ಇಡಿ ಅಂದ್ಲು. ಕೂಗಿ ಮುಗಿಸಿ ಅತ್ತುಬಿಟ್ಳು.”

ನಾನು ಬಂದ ಕೆಲಸ ಅವನಿಗೆ ಹೇಳಿದೆ. ಗಿಣಿಯ ತಾಯಿಗೆ ಉತ್ತರ ಹೇಳಬೇಕು. ಆ ಹೆಂಗಸು ಕೊನೆಗೆ ಸತ್ತಳೋ ಬದುಕಿದಳೋ?

ಅವನು ತಲೆ ಕೆರೆದುಕೊಂಡ. “ಅದನ್ನೇ ಅಕ್ಕನೂ ಕೇಳಿದ್ರು. ಕೊನೇ ದೃಶ್ಯದಲ್ಲಿ ಆ ಹೆಂಗಸು ತನ್ನ ಮನೇಲಿ ಮಂಚದ ಮೇಲೆ ಕಣ್ಣು ಬಿಟ್ಕೊಂಡು ಮಲಗಿರ್ತಾಳೆ. ರೆಪ್ಪೆ ಆಡಲ್ಲ. ಇನ್ನೊಂದು ಕಡೆ, ಕೊಲೆಗಾರ ಕೂಡಿಹಾಕಿದ್ದ ಒಬ್ಬ ಹುಡುಗಿ ನೆಲಮಾಳಿಗೇಲಿ ಕತ್ತಲಲ್ಲಿದಾಳೆ. ಆ ಹುಡುಗಿಯ ಕಿವಿಯಲ್ಲಿ ಈ ಹೆಂಗಸಿನ ದನಿ ದಾರಿ ಹೇಳುತ್ತೆ. ಹುಡುಗಿ ಹೊರಗೆ ಬರ್ತಾಳೆ, ಮುಗೀತು. ಹೆಂಗಸು ಬದುಕಿದ್ದು ದಾರಿ ಹೇಳಿದ್ಲೋ, ಸತ್ತು ಹೇಳಿದ್ಲೋ ಅಂತ ಎಲ್ಲೂ ಬಿಡಿಸಿ ಹೇಳಲ್ಲ. ‘ನಾನಿಲ್ಲಿ ಸತ್ತಿದೀನಾ, ಬದುಕಿದೀನಾ, ಕೇಳಿ ಹೇಳು, ದನಿ ಅದಕ್ಕೆ ತಕ್ಕ ಹಾಗೆ ಇಡ್ಬೇಕಲ್ಲ’ ಅಂದ್ರು ಅಕ್ಕ. ಚಿತ್ರ ಕಳಿಸಿದವರಿಗೆ ಫೋನ್ ಮಾಡಿದೆ. ಅವರಿಗೂ ಗೊತ್ತಿಲ್ಲ. ತುಟಿ ಕೂಡಿದ್ರೆ ಸಾಕು, ಬೇಗ ಮುಗಿಸಿ ಅಂದ್ರು.”

“ಆಮೇಲೆ?”

“ಅಕ್ಕ ಆ ದೃಶ್ಯಾನ ಮತ್ತೆ ಮತ್ತೆ ಹಾಕ್ಸಿ ನೋಡಿದ್ರು. ದೀಪ ಆರಿಸೋಕೆ ಹೇಳಿದ್ರು. ‘ಬಿಡು, ನಂಗೆ ಗೊತ್ತಾಯ್ತು’ ಅಂದ್ರು. ಒಂದೇ ಸಲಕ್ಕೆ ಮಾಡಿ ಮುಗಿಸಿದ್ರು. ಏನು ಗೊತ್ತಾಯ್ತು ಅಂತ ನಾನು ಕೇಳ್ಲಿಲ್ಲ. ಕೇಳ್ಬೇಕಿತ್ತು.” ಅವನು ಕಣ್ಣು ಒರೆಸಿಕೊಂಡ. “ಅದನ್ನ ಆ ದನಿ ಕೇಳೇ ಹೇಳ್ಬೇಕು ಯಜಮಾನ್ರೇ. ನಂಗೆ ದನಿ ಸ್ವಚ್ಛವಾಗಿದೆಯಾ ಅಂತಷ್ಟೇ ತಿಳಿಯುತ್ತೆ.”

ಮನೆಗೆ ಬಂದು ಹೆಂಡತಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಸಾಯುತ್ತಾಳೆಂದೂ ಹೇಳಲಾರೆ, ಬದುಕುತ್ತಾಳೆಂದೂ ಹೇಳಲಾರೆ. ಅದನ್ನು ಕೊನೆಗೆ ತೀರ್ಮಾನ ಮಾಡಿದವಳು ನಮ್ಮ ಮಗಳೇ, ಏನು ತೀರ್ಮಾನಿಸಿದಳೆಂದು ಯಾರಿಗೂ ಹೇಳಿಲ್ಲ. ಕೂಗಾಟ ಅವಳದಲ್ಲ ಎಂಬುದೊಂದನ್ನು ಮಾತ್ರ ನಾನು ಖಂಡಿತವಾಗಿ ಹೇಳಬಲ್ಲೆ.

“ಕೂಗಿದ್ದು ಅವಳಲ್ಲ ತಾನೆ?” ಎಂದು ಅವಳು ಇನ್ನೊಮ್ಮೆ ಕೇಳಿದಳು.

“ಅಲ್ಲ.”

“ನಾಳೆ ಹೋಗೋಣ. ಅವಳು ಏನು ಅಂದ್ಕೊಂಡ್ಲು ಅಂತ ನಂಗೆ ಗೊತ್ತಾಗುತ್ತೆ.”

ಗುರುವಾರ ಮಧ್ಯಾಹ್ನ. ಚಿತ್ರಮಂದಿರ ಮುಕ್ಕಾಲು ಖಾಲಿ. ಹೆಂಡತಿ ಕುಳಿತ ಕೂಡಲೇ ಸೆರಗನ್ನು ಬಿಗಿಯಾಗಿ ಹೊದ್ದು ಕಣ್ಣು ಮುಚ್ಚಿಕೊಂಡಳು. “ನಾನು ನೋಡೋಕೆ ಬಂದಿಲ್ಲ, ನೀವು ನೋಡಿ” ಎಂದಳು. ಪಕ್ಕದಲ್ಲಿ ಪೊಟ್ಟಣ ಸರಸರ ಎನ್ನಿಸಿ ತಿನ್ನುತ್ತಿದ್ದವನಿಗೆ, “ಅಪ್ಪಾ, ಅದನ್ನ ಒಂದೇ ಸಲ ಬಾಯಿಗೆ ಸುರ್ಕೋಬಾರದಾ?” ಎಂದಳು. ಅವನು ತಬ್ಬಿಬ್ಬಾಗಿ ಪೊಟ್ಟಣವನ್ನು ಜೇಬಿಗೆ ತುರುಕಿದ.

ಬಾಗಿಲು ತೆಗೆದೇ ಇದೆ ಎಂಬ ಮಾತು ಬಂದಾಗ ಅವಳ ಕೈ ನನ್ನ ಮಣಿಕಟ್ಟನ್ನು ಹುಡುಕಿ ಹಿಡಿಯಿತು. ಅಲ್ಲಿಂದ ಅವಳು ನನ್ನ ಕಿವಿಯಲ್ಲಿ ಹೇಳತೊಡಗಿದಳು. ಆ ಹೆಂಗಸು ಅಧಿಕಾರಿಗೆ ಖಾರವಾಗಿ ಉತ್ತರ ಕೊಟ್ಟಾಗ, “ಇದು ಹಾಲಿನವನನ್ನ ಬೈಯೋ ದನಿ.” ಸತ್ತವಳ ತಾಯಿಗೆ ಸಮಾಧಾನ ಹೇಳಿದಾಗ, “ಇದು ನಂಗೆ ಜ್ವರ ಬಂದಾಗಿಂದು.” ಅಧಿಕಾರಿ ಕಾಫಿಗೆ ಕರೆದಾಗ ಅವಳು ಬೇಡ ಎಂದದ್ದಕ್ಕೆ, “ನೋಡಿ, ಬೇಕು ಅಂತಿದ್ರೂ ಬೇಡ ಅನ್ನೋದು, ಥೇಟ್ ನಿಮ್ಮ ಹಾಗೆ.” ನನಗೆ ಆ ಚಿತ್ರವಿಡೀ ನಮ್ಮ ಮನೆಯಾಗಿಬಿಟ್ಟಿತು. ಅವಳು ಒಂದೊಂದು ದನಿಯನ್ನೂ ಅದರದರ ಕೋಣೆಗೆ ಕರೆದುಕೊಂಡು ಹೋಗಿ ಬಿಟ್ಟು ಬರುತ್ತಿದ್ದಳು. ಕೂಗು ಬಂದಾಗ ಮಾತ್ರ ಅವಳು ಅಲುಗದೆ ಕುಳಿತು, “ಪಾಪ, ಯಾರ ಮನೆ ಮಗುವೋ” ಎಂದಳು.

ಕೊನೆಯ ದೃಶ್ಯ ಬಂತು. ಮಂಚ, ತೆರೆದ ಕಣ್ಣು. ಆಮೇಲೆ ಕಗ್ಗತ್ತಲೆ; ಹುಡುಗಿಯ ಏದುಸಿರು ಮಾತ್ರ.

“ಹೆದರಬೇಡ. ಗೋಡೆ ಹಿಡ್ಕೋ. ಎಡಗಡೆ ತಿರುಗು. ಅಲ್ಲಿ ಮೆಟ್ಟಿಲಿದೆ, ನೋಡ್ಕೊಂಡು ಕಾಲಿಡು. ಇನ್ನು ಸ್ವಲ್ಪ ದೂರ. ಬೆಳಕು ಕಾಣುತ್ತಲ್ಲ, ಅಲ್ಲಿಗೆ ಹೋಗು. ನನ್ನನ್ನ ಹುಡುಕಬೇಡ, ಹೋಗು.”

ಅಷ್ಟೇ. ಪರದೆಯ ತುಂಬ ಹಗಲು ಬಂತು. ಹೆಸರುಗಳು ಮೇಲೇರತೊಡಗಿದವು. ನಾನು ಹೆಂಡತಿಯ ಕಡೆ ತಿರುಗಿದೆ. ಅವಳ ಕಣ್ಣು ಮುಚ್ಚಿಯೇ ಇತ್ತು. ನನ್ನ ಮಣಿಕಟ್ಟನ್ನು ಬಿಟ್ಟಿದ್ದಳು.

“ಇದು ಯಾವ ದನಿ?” ಎಂದು ನಾನೇ ಕೇಳಿದೆ.

“ಗೊತ್ತಿಲ್ಲ.”

“ಗೊತ್ತಿಲ್ವಾ?”

“ಈ ದನೀಲಿ ಅವಳು ನಮ್ಮನೇಲಿ ಯಾವತ್ತೂ ಮಾತಾಡಿಲ್ಲ ರೀ. ಅವಳು ಏನೇ ಅಂದ್ರೂ ಅದರಲ್ಲಿ ಏನೋ ಒಂದು ಬೇಕು ಅನ್ನೋದು ಇರ್ತಿತ್ತು. ಬೈದ್ರೂ ಇರ್ತಿತ್ತು, ನಕ್ರೂ ಇರ್ತಿತ್ತು. ಇದರಲ್ಲಿ ಏನೂ ಬೇಡ. ಆ ಹುಡುಗಿ ದಾಟಿಕೊಂಡ್ರೆ ಸಾಕು, ತನಗೇನೂ ಬೇಡ.”

ದೀಪ ಹತ್ತಿದವು. ಗುಡಿಸುವವರು ಬಂದು ಸಾಲುಗಳ ನಡುವೆ ಕೆಲಸ ಶುರುಮಾಡಿದರು. ನಾವು ಹೊರಗೆ ಬಂದೆವು. ಬಿಸಿಲು ಕಣ್ಣಿಗೆ ಹೊಡೆಯಿತು. ಮೆಟ್ಟಿಲ ಬಳಿ ಜಡ್ಜ್ ಸಾಹೇಬ ನಿಂತಿದ್ದ. ಅಂಗಡಿ ಮುಚ್ಚಿ ಬಂದು, ನಮಗೆ ಹೇಳದೆ, ಹಿಂದಿನ ಸಾಲಿನಲ್ಲಿ ಕುಳಿತು ಮೂರನೆಯ ಸಲ ನೋಡಿದ್ದ.

“ಅಮ್ಮಾ, ನಾನು ಏನೇನೋ ಒದರಿಬಿಟ್ಟೆ. ಕ್ಷಮಿಸಿ” ಎಂದ. ಆಮೇಲೆ ತಡೆಯಲಾರದೆ, “ನಿಮಗೇನನ್ನಿಸ್ತು? ಆ ಹೆಂಗಸು...” ಎಂದ.

“ಸತ್ತಿದಾಳಪ್ಪ” ಎಂದಳು ನನ್ನ ಹೆಂಡತಿ.

ಮಗಳನ್ನು ಮಣ್ಣು ಮಾಡಿದಂದಿನಿಂದ ಆ ಮಾತನ್ನು ನಾನು ಅವಳ ಬಾಯಲ್ಲಿ ಕೇಳಿರಲಿಲ್ಲ. ಹೋದಳು ಎನ್ನುತ್ತಿದ್ದಳು, ಇಲ್ಲ ಎನ್ನುತ್ತಿದ್ದಳು, ಎಷ್ಟೋ ಸಲ ಏನೂ ಅನ್ನದೆ ಕೈಯಾಡಿಸುತ್ತಿದ್ದಳು. ಎಂಥ ಚಿತ್ರಕ್ಕೂ ತನ್ನದೊಂದು ವಾದ ಹೂಡುವ ಜಡ್ಜ್ ಸಾಹೇಬ ವಾದ ಹೂಡಲಿಲ್ಲ. “ಸರಿ ಅಮ್ಮ” ಎಂದ. ನಮ್ಮ ಜೊತೆ ಬೀದಿಯ ತಿರುವಿನವರೆಗೆ ನಡೆದು ಬಂದ. ದಾರಿಯುದ್ದಕ್ಕೂ ಅವಳೊಬ್ಬಳೇ ಮಾತಾಡುತ್ತಿದ್ದಳು. ಆ ಹೊಸ ಹುಡುಗಿಯನ್ನು ಒಂದು ದಿನ ಮನೆಗೆ ಕರೆಯಬೇಕು, ಅಷ್ಟು ಕೂಗಿದರೆ ಗಂಟಲು ಏನಾಗಬೇಡ, ಬಿಸಿನೀರಿನಲ್ಲಿ ಉಪ್ಪು ಹಾಕಿ ಮುಕ್ಕಳಿಸಬೇಕೆಂದು ಅವಳಿಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ ಎಂದು.

ಸಂಜೆ ಪ್ರಾರ್ಥನೆಗೆ ಕುಳಿತೆವು. ನಾನು ಈ ಮೂರು ತಿಂಗಳೂ ಮಗಳ ಹೆಸರನ್ನು ಹಿಂದಿನ ಹಾಗೆಯೇ ನಮ್ಮಿಬ್ಬರ ಹೆಸರಿನ ಜೊತೆಗೆ ಸೇರಿಸಿ, ಇವರನ್ನು ಕಾಪಾಡು ಎಂದೇ ಬೇಡುತ್ತಿದ್ದೆ. ತಪ್ಪೆಂದು ಗೊತ್ತಿತ್ತು, ಬಿಡಲಾಗಿರಲಿಲ್ಲ. ಹೆಂಡತಿಯೂ ಕೇಳಿಸಿಕೊಂಡು ಸುಮ್ಮನಿರುತ್ತಿದ್ದಳು. ಅಂದು ನಮ್ಮಿಬ್ಬರ ಹೆಸರು ಹೇಳಿ ನಿಲ್ಲಿಸಿದೆ. ನಿಲ್ಲಿಸಿದ ಮೇಲೆ ಮುಂದಿನ ಮಾತು ಬಾಯಿಗೆ ಬರಲಿಲ್ಲ. ಅವಳು ಕಾದಳು. ಕಾದು, ಆ ಇನ್ನೊಂದು ಪ್ರಾರ್ಥನೆಯನ್ನು, ತೀರಿಹೋದವರಿಗಾಗಿ ಹೇಳುವುದನ್ನು, ತಾನೇ ಶುರುಮಾಡಿದಳು. ಮಗಳ ಹೆಸರು ಬರುವ ಕಡೆ ಅವಳ ದನಿ ಒಡೆಯಿತು. ನಾನು ಅಲ್ಲಿಂದ ಎತ್ತಿಕೊಂಡು ಹೇಳಿದೆ.